ಜಕಣಾಚಾರಿಯೂ ಬೇಕು, ಮಲ್ಲಿತಮ್ಮನೂ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳಿಗೆ ಎಂಥ ಚರಿತ್ರೆ ಪುಸ್ತಕ ಕೊಡಿಸೋದು ಅಂತ ಅಪ್ಪ ಅಮ್ಮಂದಿರು, ಮೇಷ್ಟ್ರುಗಳು ಆಗಾಗ ಕೇಳುತ್ತಾರೆ. ನನ್ನ ಉತ್ತರ ಒಂದೇ. ಜನ ಹೇಳಿಕೊಂಡು ಬಂದ ಕಥೆಯೂ ಅದರಲ್ಲಿ ಇರಲಿ, ನಡೆದ ಚರಿತ್ರೆಯೂ ಇರಲಿ. ಆದರೆ ಯಾವುದು ಯಾವುದು ಅಂತ ಮಗುವಿಗೆ ತಿಳಿಯಬೇಕು. "ಇದು ನಮಗೆ ಹೇಗೆ ಗೊತ್ತು?" ಅನ್ನುವ ಪ್ರಶ್ನೆಗೆ ಉತ್ತರ ಕೊಡದ ಪುಸ್ತಕವನ್ನು ದಯವಿಟ್ಟು ಕೊಳ್ಳಬೇಡಿ.

ಜಕಣಾಚಾರಿಯ ಕಥೆ ನಿಮಗೆಲ್ಲ ಗೊತ್ತು. ಬೇಲೂರಿನಲ್ಲಿ ಆತ ಮೂರ್ತಿ ಕಡೆದ. ಎಲ್ಲಿಂದಲೋ ಬಂದ ಹುಡುಗನೊಬ್ಬ, ಈ ಕಲ್ಲಿನಲ್ಲಿ ದೋಷ ಇದೆ ಅಂದ. ದೋಷ ತೋರಿಸಿದರೆ ನನ್ನ ಕೈಯನ್ನೇ ಕಡಿದುಕೊಳ್ಳುತ್ತೇನೆ ಅಂದ ಜಕಣಾಚಾರಿ. ಮೂರ್ತಿಗೆ ಗಂಧ ಬಳಿದರು. ಮೈಯೆಲ್ಲ ಒಣಗಿತು, ಹೊಕ್ಕಳು ಮಾತ್ರ ಒದ್ದೆ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಜೀವಂತ ಕಪ್ಪೆ! ಆ ಹುಡುಗ ಆತನ ಸ್ವಂತ ಮಗ ಡಂಕಣ. ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ, ಅಲ್ವಾ?

ಒಮ್ಮೆ ಶಾಲಾ ಮಕ್ಕಳ ಜೊತೆ ಸೋಮನಾಥಪುರಕ್ಕೆ ಹೋಗಿದ್ದೆ. ಮೂರು ಗೋಪುರದ ಆ ಕೇಶವ ದೇವಸ್ಥಾನವನ್ನೂ ಜಕಣಾಚಾರಿಯೇ ಕಟ್ಟಿದ್ದು ಅಂತ ಮಕ್ಕಳಿಗೆ ಯಾರೋ ಹೇಳಿಬಿಟ್ಟಿದ್ದರು. ನಾನು ಅಲ್ಲ ಅನ್ನಲಿಲ್ಲ. ಎರಡು ಇಸವಿ ಕೊಟ್ಟೆ, ಅಷ್ಟೆ. ಬೇಲೂರು ದೇವಸ್ಥಾನ ವಿಷ್ಣುವರ್ಧನನ ಕಾಲದ್ದು, 1117. ಸೋಮನಾಥಪುರದ್ದು ಮೂರನೇ ನರಸಿಂಹನ ಕಾಲದ್ದು, ಸೋಮನಾಥ ದಂಡನಾಯಕ ಕಟ್ಟಿಸಿದ್ದು, 1268. ಕಳೆಯಿರಿ ಅಂದೆ. ಒಬ್ಬ ಹುಡುಗಿ ಅಂಗೈ ಮೇಲೆ ಬೆರಳಿನಲ್ಲೇ ಕಳೆದು ನೋಡಿ, "ನೂರೈವತ್ತೊಂದು ವರ್ಷ! ಅಷ್ಟು ವರ್ಷ ಯಾರು ಬದುಕ್ತಾರೆ ಸಾರ್?" ಅಂದಳು.

ಆಮೇಲೆ ಹೊರಗೋಡೆಯ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ವಿಗ್ರಹಗಳ ಪಾದದ ಕೆಳಗೆ, ಪೀಠದ ಪಟ್ಟಿಯ ಮೇಲೆ ಸಣ್ಣ ಅಕ್ಷರಗಳಿವೆ. ಕೆತ್ತಿದವರ ಹೆಸರು! ಮತ್ತೆ ಮತ್ತೆ ಬರುವ ಹೆಸರು ಮಲ್ಲಿತಮ್ಮ. ಕೆಲವು ಕಡೆ ಚಿಕ್ಕದಾಗಿ ಬರೀ "ಮಲ್ಲಿ". ಏಳುನೂರೈವತ್ತು ವರ್ಷದ ಹಿಂದೆ ಒಬ್ಬ ಕೆಲಸಗಾರ ತನ್ನ ಹೆಸರನ್ನು ಕನ್ನಡದಲ್ಲಿ ಕೆತ್ತಿಟ್ಟು ಹೋಗಿದ್ದಾನೆ. ಮಕ್ಕಳು ಬಗ್ಗಿ, ಕೂತು, ಗೋಡೆಯುದ್ದಕ್ಕೂ ಅವನನ್ನೇ ಹುಡುಕತೊಡಗಿದರು. ಊಟಕ್ಕೆ ಕರೆದರೂ ಬರಲಿಲ್ಲ.

ಕೊನೆಗೆ ಅದೇ ಹುಡುಗಿ ಬಂದು, "ಹಾಗಾದ್ರೆ ಕಪ್ಪೆ ಕಥೆ ಸುಳ್ಳಾ?" ಅಂದಳು. ನಾನಂದೆ, ಸುಳ್ಳಲ್ಲಮ್ಮ, ಅದು ಕಥೆ. ಇಷ್ಟು ಚೆಂದದ ಕೆಲಸ ಮಾಡಿದವನು ಯಾರೋ ಇರಲೇಬೇಕು ಅಂತ ಜನಕ್ಕೆ ಅನ್ನಿಸಿತು. ಅವನಿಗೊಂದು ಹೆಸರು ಕೊಟ್ಟರು, ಮಗನನ್ನು ಕೊಟ್ಟರು. ಅಪ್ಪನ ತಪ್ಪನ್ನು ಮಗ ಹೇಳಬಹುದು ಅನ್ನುವ ಧೈರ್ಯವನ್ನೂ ಆ ಕಥೆಯಲ್ಲಿಟ್ಟರು. ಅದನ್ನು ಯಾಕೆ ಬಿಡಬೇಕು? ಆದರೆ ಮಲ್ಲಿತಮ್ಮನನ್ನು ಯಾಕೆ ಮರೆಯಬೇಕು? ಬೇಲೂರಿನಲ್ಲೂ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನಿಜವಾಗಿಯೂ ಅಪ್ಪ ಮಗ!

ನಮ್ಮ ಎಷ್ಟೋ ಮಕ್ಕಳ ಪುಸ್ತಕಗಳು ಕಪ್ಪೆಗೆ ನಾಲ್ಕು ಪುಟ ಕೊಟ್ಟು, ಈ ಹೆಸರುಗಳಿಗೆ ಒಂದು ಸಾಲನ್ನೂ ಕೊಡುವುದಿಲ್ಲ. ನನಗೆ ಬೇಸರವಾಗುವುದು ಇಲ್ಲೇ. ಇನ್ನು ಕೆಲವು ಪುಸ್ತಕಗಳು ಕಥೆಯನ್ನೆಲ್ಲ ತೆಗೆದುಹಾಕಿ ರಾಜರ ಇಸವಿಗಳನ್ನು ಸಾಲಾಗಿ ಜೋಡಿಸುತ್ತವೆ. ಅದನ್ನು ಯಾವ ಮಗು ಓದುತ್ತದೆ ಹೇಳಿ? ಎರಡೂ ಬೇಕು. ಪಕ್ಕಪಕ್ಕದಲ್ಲೇ ಬೇಕು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕೃಷ್ಣದೇವರಾಯನ ಪುಸ್ತಕದಲ್ಲಿ ತೆನಾಲಿ ರಾಮಕೃಷ್ಣ ಖಂಡಿತ ಇರಲಿ. ಜೊತೆಗೆ, ಆ ರಾಜನ ಕಾಲದಲ್ಲೇ ವಿಜಯನಗರಕ್ಕೆ ಬಂದು ಕಣ್ಣಾರೆ ಕಂಡದ್ದನ್ನು ಬರೆದಿಟ್ಟ ಪೋರ್ಚುಗೀಸ್‌ ಪ್ರವಾಸಿ ಪಾಯೆಸ್‌ ಕೂಡ ಇರಲಿ. ಓಬವ್ವನ ಕಥೆ ಹೇಳುವಾಗ ಚಿತ್ರದುರ್ಗದ ಕೋಟೆಯ ನಕ್ಷೆ ಹಾಕಿ, ಆ ಕಿಂಡಿ ಎಲ್ಲಿದೆ ಅಂತ ಗುರುತು ಮಾಡಿ. ಹೈದರಾಲಿ ದುರ್ಗವನ್ನು ಗೆದ್ದದ್ದು 1779ರಲ್ಲಿ ಅಂತಲೂ ಹೇಳಿ. ಚಿತ್ರಗಳ ವಿಷಯ ಹೇಳಲು ಹೊತ್ತಿಲ್ಲ. ಹೊಯ್ಸಳ ರಾಜನಿಗೆ ಸಿನಿಮಾ ಕಿರೀಟ ತೊಡಿಸಬೇಡಿ, ಅಷ್ಟು ಸಾಕು.

ಮೇಷ್ಟ್ರೇ, ಅಮ್ಮಂದಿರೇ, ಮುಂದಿನ ಸಲ ಪುಸ್ತಕದಂಗಡಿಗೆ ಹೋದಾಗ ನಿಮ್ಮ ಊರಿನ ಹತ್ತಿರದ ಕೋಟೆಯದ್ದೋ ದೇವಸ್ಥಾನದ್ದೋ ಪುಟ ತೆಗೆಯಿರಿ. ಶಾಸನ ಅನ್ನುವ ಮಾತು ಅಲ್ಲಿ ಇದೆಯಾ, ಜನ ಹೀಗೆ ಹೇಳುತ್ತಾರೆ ಅನ್ನುವ ಮಾತು ಇದೆಯಾ, ಎರಡನ್ನೂ ನೋಡಿ. ಎರಡೂ ಇದ್ದರೆ ಕೊಳ್ಳಿ. ಒಂದೇ ಇದ್ದರೆ ಅಂಗಡಿಯವರನ್ನು ಬೇರೆ ಪುಸ್ತಕ ಕೇಳಿ. ನಮಸ್ಕಾರ.