ಮೊದಲು ಬೀಜ, ಆಮೇಲೆ ಪೆನ್ಸಿಲ್

ಕೇಳುಗರಿಗೆ ನಮಸ್ಕಾರ. ಮಡಿಕೇರಿ ಆಕಾಶವಾಣಿಯವರು ಎಂಟು ನಿಮಿಷ ಕೊಟ್ಟಿದ್ದಾರೆ. ನೀವೀಗ ಅಡುಗೆಮನೆಯಲ್ಲಿ ಇರಬಹುದು, ತೋಟದ ಲೈನ್ ಮನೆಯ ಜಗಲಿಯಲ್ಲಿ ಇರಬಹುದು. ಪಕ್ಕದಲ್ಲಿ ಮೂರೋ ನಾಲ್ಕೋ ವರ್ಷದ ಮಗುವೊಂದು ಸೆರಗು ಎಳೀತಾ ಇರುತ್ತದೆ, ಅಲ್ವಾ? ನಾನು ಮಾತಾಡುವುದು ನಿಮ್ಮ ಹತ್ತಿರ. ಹೇಳಬೇಕಾದ್ದು ಒಂದೇ. ಆ ಮಗುವಿನ ಕೈಗೆ ಮೊದಲು ಬೀಜ ಕೊಡಿ, ಆಮೇಲೆ ಪೆನ್ಸಿಲ್.

ನಗಬೇಡಿ. ಇಪ್ಪತ್ತೆರಡು ವರ್ಷದಿಂದ ಇಷ್ಟೇ ಎತ್ತರದ ಮಕ್ಕಳ ಜೊತೆ ಇದ್ದೇನೆ. ಜೂನ್ ಬಂತೆಂದರೆ ಅಮ್ಮಂದಿರ ಮೊದಲ ಪ್ರಶ್ನೆ, 'ಟೀಚರೇ, ಅ ಆ ಇ ಈ ಯಾವಾಗ ಬರೆಸ್ತೀರಾ?' ಮಗುವಿಗೆ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ, ಟಿಫನ್ ಡಬ್ಬಿಯ ಮುಚ್ಚಳ ತೆಗೆಯಲು ಬರುವುದಿಲ್ಲ, ಅಕ್ಷರ ಮಾತ್ರ ದುಂಡಗೆ ಬರಬೇಕು!

ನಿಮ್ಮ ಮಣಿಕಟ್ಟು ಒಮ್ಮೆ ಮುಟ್ಟಿ ನೋಡಿ. ಅಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವೆಲ್ಲ ಮೆತ್ತಗೆ, ನಮ್ಮ ಕಿವಿಯ ಹಾಗೆ. 3 ವರ್ಷಕ್ಕೆ ಮೂರೋ ನಾಲ್ಕೋ ಮೂಳೆ ಗಟ್ಟಿಯಾಗಲು ಶುರುವಾಗಿರುತ್ತದೆ. ಎಂಟೂ ಆಗುವ ಹೊತ್ತಿಗೆ ಮಗು ದೊಡ್ಡ ಶಾಲೆಗೆ ಹೋಗುತ್ತಿರುತ್ತದೆ. ಕೈಗೆ ಬಲ ಬರುವುದೂ ಮೇಲಿನಿಂದ ಕೆಳಕ್ಕೆ, ಮೊದಲು ಭುಜ, ಆಮೇಲೆ ಮೊಣಕೈ, ಮಣಿಕಟ್ಟು, ಕಟ್ಟಕಡೆಗೆ ಬೆರಳು. ನಾವು ಕಾಯುವುದಿಲ್ಲ, ಬೆರಳಿಂದಲೇ ಶುರು ಮಾಡಿಸುತ್ತೇವೆ. ಕಾಫಿ ಗಿಡ ನೆಟ್ಟು ಮೂರು ನಾಲ್ಕು ವರ್ಷ ಫಸಲು ಕೇಳದವರು ನಾವು! ಮಗುವಿನ ಹತ್ತಿರ ಮಾತ್ರ ಮೊದಲನೇ ವರ್ಷಕ್ಕೇ ಕೊಯ್ಲು ಆಗಬೇಕು.

ಒಂದು ಹುಡುಗನ ಕತೆ ಹೇಳಬೇಕು. ನಾಲ್ಕೂವರೆ ವರ್ಷ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಎಷ್ಟು ಒತ್ತುತ್ತಿದ್ದ ಅಂದ್ರೆ ಹಾಳೆ ಹರಿಯುತ್ತಿತ್ತು. 'ಕೈಬರಹ ತುಂಬಾ ಕೆಟ್ಟದಾಗಿದೆ' ಅಂತ ಡೈರಿಯಲ್ಲಿ ಕೆಂಪು ಇಂಕಲ್ಲಿ ಬರೆದು ಕಳಿಸಿದ್ದರು. ಯಾವ ಶಾಲೆ ಅಂತ ಬೇಡ ಬಿಡಿ. ಅವನ ಅಪ್ಪ ಫೋನ್ ಮಾಡಿದರು, ಹೋದೆ. ಜುಲೈ ತಿಂಗಳು, ನಮ್ಮ ಮಳೆ ಗೊತ್ತಲ್ಲ, ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಒಲೆ ಪಕ್ಕ ಅಜ್ಜಿ ಮೊರ ಇಟ್ಟುಕೊಂಡು ಮನೆ ಖರ್ಚಿನ ಕಾಫಿ ಬೀಜ ಆರಿಸುತ್ತಿದ್ದರು, ಹುರಿಯುವುದಕ್ಕೆ. ಹುಡುಗ ನನ್ನ ಬ್ಯಾಗ್ ನೋಡಿದ್ದೇ ಅಜ್ಜಿಯ ಬೆನ್ನ ಹಿಂದೆ ಸೇರಿಕೊಂಡ. ಪುಸ್ತಕ ಇದೆ ಅಂದುಕೊಂಡಿರಬೇಕು, ಪಾಪ.

ನಾನು ಬ್ಯಾಗ್ ತೆಗೆಯಲೇ ಇಲ್ಲ. ಮೊರದಿಂದ ಒಂದು ಹಿಡಿ ಬೀಜ ತೆಗೆದೆ. ಕಾಫಿ ಹಣ್ಣಿನೊಳಗೆ ಎರಡು ಬೀಜ ಮುಖಕ್ಕೆ ಮುಖ ಕೊಟ್ಟು ಕೂತಿರುತ್ತವೆ, ಅದಕ್ಕೇ ಅವಕ್ಕೆ ಒಂದು ಕಡೆ ಚಪ್ಪಟೆ. ಕೆಲವು ಹಣ್ಣಲ್ಲಿ ಒಂದೇ ಬೀಜ ಬೆಳೆದು ಗುಂಡಗಾಗಿರುತ್ತದೆ, ಪೀಬೆರಿ ಅಂತೀವಲ್ಲ, ಅದು. ನೆಲದ ಮೇಲೆ ಎರಡು ಚಪ್ಪಟೆ, ಒಂದು ಗುಂಡು, ಮತ್ತೆ ಎರಡು ಚಪ್ಪಟೆ, ಒಂದು ಗುಂಡು ಇಟ್ಟೆ. ಸುಮ್ನೆ ಇಟ್ಟೆ, ಅವನಿಗೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ಹೊರಗೆ ಬಂತು, ಆಮೇಲೆ ಒಂದು ಕೈ. 'ಮುಂದೆ ಯಾವುದು?' ಅಂದೆ. ಎರಡು ಚಪ್ಪಟೆ ಇಟ್ಟ. ಗುಂಡು ಇಡಲು ಹೋದ, ಉರುಳಿತು. ಅಂಗೈಯಲ್ಲಿ ಒತ್ತಿದ, ಇಡೀ ಸಾಲು ಚೆದುರಿತು. 'ಇದು ಓಡಿ ಹೋಗ್ತದೆ' ಅಂತ ಅಳುವ ಹಾಗಾದ. ಮತ್ತೆ ಹಿಡಿದ, ಮತ್ತೆ ಜಾರಿತು. ಐದನೇ ಸಲವೋ ಆರನೇ ಸಲವೋ ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ಸೇರಿ ಆ ಬೀಜವನ್ನು ಹಿಡಿದು ಮೆಲ್ಲಗೆ ಕೂರಿಸಿದವು, ಅದು ಕೂತಿತು, ಅವನು ಉಸಿರು ಬಿಟ್ಟ. ಪೆನ್ಸಿಲ್ ಹಿಡಿಯುವುದು ಇದೇ ಮೂರು ಬೆರಳಲ್ಲಿ. ಇನ್ನೇನು ಕಲಿಸುತ್ತೀರಿ?

ಮುಂದೆ ನಡೆದದ್ದು ಇನ್ನೂ ಚೆಂದ. ಅಜ್ಜಿಗೆ ಕಪ್ಪು ಬೀಜ ಕಂಡರೆ ತೆಗೆದು ಎಸೆಯುವ ಅಭ್ಯಾಸ. ಅವನ ಸಾಲಿನಿಂದಲೂ ಒಂದನ್ನು ತೆಗೆದು ಎಸೆದರು. 'ಅಜ್ಜೀ! ಅದು ನಂದು!' ಅಂತ ಕಿರುಚಿದ ನೋಡಿ, ಅಪ್ಪ ಹೊರಗಿನಿಂದ ಓಡಿ ಬಂದರು. ಸಾಲಿನಲ್ಲಿ ಎಲ್ಲಿ ಖಾಲಿ ಆಯ್ತು, ಅಲ್ಲಿಗೆ ಚಪ್ಪಟೆ ಬೇಕೋ ಗುಂಡು ಬೇಕೋ, ಎಲ್ಲವೂ ಅವನಿಗೆ ಗೊತ್ತಿತ್ತು. ಐದು ನಿಮಿಷ ಒಂದು ಕಡೆ ಕೂರದ ಹುಡುಗ ಮುಕ್ಕಾಲು ಗಂಟೆ ಕೂತ. ಅಜ್ಜಿ, 'ಟೀಚರೇ, ನಿಮಗೆ ಕಾಫಿ ಕೊಡೋಣ ಅಂದ್ರೆ ಬೀಜ ಎಲ್ಲ ಇವನ ಹತ್ರ ಉಂಟಲ್ಲ' ಅಂದರು. ಟೀ ಕುಡಿದು ಬಂದೆ. ಆ ಮಳೆಗಾಲ ಪೂರ್ತಿ ದಿನಾ ಬೀಜದ ಆಟ ಆಡಿಸಿದರು, ಪೆನ್ಸಿಲ್ ಮುಟ್ಟಿಸಲಿಲ್ಲ. ಹುತ್ತರಿ, ನಮ್ಮ ಕೊಡಗಿನ ಸುಗ್ಗಿ ಹಬ್ಬ, ಅದರ ಹೊತ್ತಿಗೆ ಹೋದರೆ ಕ್ಯಾಲೆಂಡರಿನ ಹಿಂದೆ ಬತ್ತದ ಗದ್ದೆ ಬರೆಯುತ್ತಿದ್ದ. ಮೂರು ಬೆರಳಲ್ಲಿ.

ಬೀಜ ಸುಮ್ನೆ ಕೊಟ್ಟರೆ ಸಾಲದೇ, ಸಾಲು ಯಾಕೆ ಅಂತ ಕೇಳುತ್ತಾರೆ. ಸುಮ್ನೆ ಕೊಟ್ಟರೆ ನಾಲ್ಕು ಹೆಕ್ಕಿ ಎದ್ದು ಹೋಗುತ್ತದೆ ಮಗು. ಸಾಲು ಇದ್ದರೆ ಮುಂದಿನ ಬೀಜ ತಾನೇ ಕರೆಯುತ್ತದೆ. ಮೊದಲು ಒಂದು ಬಿಟ್ಟು ಒಂದು. ಅದು ಬಂದ ಮೇಲೆ ಎರಡು ಒಂದು, ಆಮೇಲೆ ಮೂರು ಬಗೆ ಬೀಜ. ನಡುವೆ ಬೇಕಂತಲೇ ಒಂದು ತಪ್ಪು ಇಡಿ, ಹಿಡಿದರೆ ಅವರಿಗೆ ಹಬ್ಬ.

ಇದೇನು ನನ್ನ ಹೊಸ ಪತ್ತೆ ಅಲ್ಲ. ಎಲ್‌ಕೆಜಿ ಯುಕೆಜಿ ಅಂತೀವಲ್ಲ, ಆ ಕೆಜಿ ಅಂದ್ರೆ ಕಿಂಡರ್‌ಗಾರ್ಟನ್, ಮಕ್ಕಳ ತೋಟ. 1837ರಲ್ಲಿ ಜರ್ಮನಿಯಲ್ಲಿ ಅಂಥ ಶಾಲೆ ಶುರು ಮಾಡಿದ ಫ್ರೆಡ್ರಿಕ್ ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟದ್ದು ಉಣ್ಣೆಯ ಚೆಂಡು, ಮರದ ತುಂಡು, ಕಡ್ಡಿ, ನೆನೆಸಿದ ಬಟಾಣಿ. ಅದೇ ಕೆಜಿ ಹೆಸರಲ್ಲಿ ನಾವು ಕಾಪಿ ಬರೆಸುತ್ತೇವೆ.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಇನ್ನೂ ಬೇಕಾದಷ್ಟಿತ್ತು. ನೂಪುಟ್ಟಿನ, ಅಂದ್ರೆ ಒತ್ತು ಶಾವಿಗೆಯ, ಹಿಟ್ಟು ಒಂದು ಉಂಡೆ ಕೊಡಿ, ಒತ್ತಲಿ. ಬಟ್ಟೆ ಕ್ಲಿಪ್ ಕೆಂಪು ನೀಲಿ ಕೆಂಪು ನೀಲಿ ಸಿಕ್ಕಿಸಲಿ. ರಂಗೋಲಿ ಚುಕ್ಕಿ ಇಡಲಿ, ವಕ್ರ ಆದರೆ ಆಗಲಿ. ಕರಿಮೆಣಸು ಬೇಡ, ಆ ಕೈ ಕಣ್ಣಿಗೆ ಹೋಗುತ್ತದೆ. ಗುಲಗಂಜಿ ಎಷ್ಟೇ ಚೆಂದ ಕಂಡರೂ ಬೇಡವೇ ಬೇಡ, ಅದು ವಿಷ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಬೀಜದ ಬದಲು ಬಾಟಲಿ ಮುಚ್ಚಳ, ದೊಡ್ಡದು, ಬಾಯೊಳಗೆ ಹೋಗದ್ದು. ಬೀಜ ಮೂಗಿಗೆ ಹಾಕಿಕೊಂಡವರನ್ನೂ ನೋಡಿದ್ದೇನೆ, ಆ ಕತೆ ಇನ್ನೊಂದು ದಿನ. ಪಕ್ಕದಲ್ಲೇ ಕೂತಿರಿ. ಇಪ್ಪತ್ತು ಬೀಜ ಎಣಿಸಿ ಕೊಡಿ, ಇಪ್ಪತ್ತೂ ಎಣಿಸಿ ವಾಪಸ್ ತಗೊಳ್ಳಿ. ನಮಸ್ಕಾರ.