ಹೆಸರು ಬರೆಸಿದ್ದಾರಾ?

ಕೇಳುಗರಿಗೆ ನಮಸ್ಕಾರ. ಮನೆಯವರೊಬ್ಬರು ಜೈಲಿನಲ್ಲಿದ್ದಾರೆ, ಅಕ್ಕಪಕ್ಕದವರಿಗೆ ಹೇಳುವಂತಿಲ್ಲ, ನೋಡದೆ ಇರುವಂತೆಯೂ ಇಲ್ಲ. ಈ ಮಾತು ಅಂಥವರಿಗೆ.

ಮಂಡ್ಯದಲ್ಲಿ ವಕೀಲಿಕೆ ಮಾಡುವ ನನ್ನನ್ನು ಎಲ್ಲರೂ ಕೇಳುವುದು ಒಂದೇ: "ಸಾರ್, ಯಾರ್ಯಾರನ್ನ ಒಳಗೆ ಬಿಡ್ತಾರೆ?" ಅದು ಆಮೇಲಿನ ಮಾತು. ಒಳಗಿರುವವರು ಯಾರ ಹೆಸರು ಬರೆಸಿದ್ದಾರೆ? ಮೊದಲು ಅದನ್ನು ಕೇಳಿ. ಜೈಲಿಗೆ ಸೇರುವಾಗಲೇ ಕೈದಿ ತನ್ನನ್ನು ನೋಡಲು ಬರುವವರ ಪಟ್ಟಿ ಕೊಡಬೇಕು ಅನ್ನುತ್ತದೆ ಕೇಂದ್ರದ 2016ರ ಮಾದರಿ ಕಾರಾಗೃಹ ಕೈಪಿಡಿ. ಮನೆಯವರು, ನೆಂಟರು, ಸ್ನೇಹಿತರು, ಯಾರಾದರೂ ಆಗಬಹುದು. ಪಟ್ಟಿಯಲ್ಲಿ ಹೆಸರಿರಬೇಕು, ಅಷ್ಟೇ.

ಮಳವಳ್ಳಿ ಕಡೆಯ ಒಬ್ಬರು ಅಜ್ಜಿ. ಮೊಮ್ಮಗ ವಿಚಾರಣಾಧೀನ ಕೈದಿ. ಕೋಳಿ ಕೂಗುವ ಹೊತ್ತಿಗೆದ್ದು ಮುದ್ದೆ ಕಟ್ಟಿ, ಬಸ್ಸಾರು ಮಾಡಿ, ಟಿಫನ್ ಕ್ಯಾರಿಯರ್ ಹಿಡಿದು ಮೊದಲ ಬಸ್ಸು ಹತ್ತಿದರು. ಹುಡುಗ ಅಜ್ಜಿಯ ಹೆಸರು ಬರೆಸಿದ್ದ, ಇಲ್ಲ ಅನ್ನುವಂತಿಲ್ಲ. ಆದರೆ 'ಪುಟ್ಟಜ್ಜಿ' ಅಂತ ಬರೆಸಿದ್ದ! ಮಾತು ಕಲಿತಾಗಿನಿಂದ ಕರೆದದ್ದೇ ಹಾಗೆ. ಆಧಾರ್ ಕಾರ್ಡಿನಲ್ಲಿ ಬೇರೆ ಹೆಸರಿದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಕಾರ್ಡು ನೋಡಿದವರು ಒಪ್ಪಲಿಲ್ಲ. "ಅವ್ನು ನನ್ ಮೊಮ್ಮಗ ಕಣಪ್ಪ, ಅವನ ಮೂಗು ನೋಡು, ನಂದೇ" ಅಂದರಂತೆ ಅಜ್ಜಿ. ಮೂಗಿಗೆ ಪಟ್ಟಿಯಲ್ಲಿ ಜಾಗ ಇಲ್ವಲ್ಲ! ಹೊಂಗೆ ಮರದ ಕೆಳಗೆ ಕೂತು ಅರ್ಧ ಮುದ್ದೆ ತಾವೇ ತಿಂದು, ಉಳಿದದ್ದನ್ನು ಸಾಲಿನಲ್ಲಿದ್ದ ಇನ್ನೊಬ್ಬ ತಾಯಿಗೆ ಕೊಟ್ಟು ಬಂದರು. ಮುಂದಿನ ವಾರ ನಾನೇ ಹುಡುಗನನ್ನು ಕಂಡು ಕಾರ್ಡಿನ ಹೆಸರು ಬರೆಸಿದೆ. ಅಜ್ಜಿ ಒಳಗೆ ಹೋದರು. ಮುದ್ದೆಯನ್ನು ಮಾತ್ರ ಒಳಗೆ ಬಿಡಲಿಲ್ಲ.

ಅಜ್ಜಿಯ ಕಥೆ ಜಾಸ್ತಿ ಆಯ್ತು ಅನಿಸುತ್ತೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಒಂದು ಸಲಕ್ಕೆ ಮೂರು ಜನ, ಅರ್ಧ ಗಂಟೆ. ಸುಮ್ನೆ ಊರೆಲ್ಲ ಟೆಂಪೋ ಮಾಡಿಕೊಂಡು ಹೋಗಬೇಡಿ. ಜೈಲು ಭೇಟಿಗೆಂದೇ ಇರುವ ಸರಕಾರಿ ವೆಬ್‌ಸೈಟು ಈ-ಮುಲಾಕಾತ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬಹುದು, ವಿಡಿಯೋದಲ್ಲೂ ಮಾತಾಡಬಹುದು. ವಕೀಲರ ಜೊತೆ ಮಾತಾಡುವಾಗ ಸಿಬ್ಬಂದಿ ದೂರದಿಂದ ನೋಡಬಹುದು, ಕೇಳಿಸಿಕೊಳ್ಳುವಂತಿಲ್ಲ. ಮನೆಯವರನ್ನು ಕಾಣುವುದು ಬದುಕುವ ಹಕ್ಕಿನದೇ ಭಾಗ ಅಂತ ಸುಪ್ರೀಂ ಕೋರ್ಟು 1981ರಲ್ಲೇ ಹೇಳಿದೆ. ಹಾಗಾಗಿ ಗೇಟಿನ ಮುಂದೆ ಕೈಮುಗಿದು ಗೋಗರೆಯಬೇಡಿ. ಪಟ್ಟಿಯಲ್ಲಿ ನನ್ನ ಹೆಸರಿದೆಯಾ ಅಂತ ಕೇಳಿ.

ಒಳಗಿನಿಂದ ಫೋನ್ ಬಂದಾಗ ಆಧಾರಿನಲ್ಲಿರುವ ಹೆಸರನ್ನು ಅಕ್ಷರ ಬಿಡದೆ ಓದಿ ಹೇಳಿ. ವಕೀಲರಿಲ್ಲವಾ? ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕೈದಿಗೆ ಸರಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಹೆಸರು ಬರೆಸುವುದಕ್ಕೂ ಅವರನ್ನೇ ಕೇಳಿ. ನಮಸ್ಕಾರ.