ಸ್ಲೀಪ್ 30 ಹಾಕೋ ಅಣ್ಣಗಳೇ, ಇಲ್ಲಿ ಕೇಳ್ರಿ

ನಮಸ್ಕಾರ್ರೀ, ಕಲಬುರಗಿಯಿಂದ ಮತ್ತ ನಾನೇ. ಹೋದ ವಿಡಿಯೋಕ್ಕ ಒಬ್ರು ಕಮೆಂಟ್ ಹಾಕ್ಯಾರ: "ಅಣ್ಣಾ, ಇಷ್ಟ್ಯಾಕ ತಲಿ ಕೆಡಿಸ್ಕೋತಿ? ಸ್ಕ್ರಿಪ್ಟ್‌ನ್ಯಾಗ ಸ್ಲೀಪ್ 30 ಹಾಕು, ಅಷ್ಟ್ರಾಗ ಡೇಟಾಬೇಸ್ ಎದ್ದಿರ್ತದ, ಮುಗೀತು." ಆ ಕಮೆಂಟಿಗೆ ಬಂದಷ್ಟು ಲೈಕ್ ನನ್ನ ವಿಡಿಯೋಕ್ಕ ಬಂದಿಲ್ರಿ.

ಮುಗೀತಂತ! ಸ್ಲೀಪ್ 30 ಅಂದ್ರ ಸರ್ವರ್ ಎದ್ದ ಮ್ಯಾಲ ಪ್ರೋಗ್ರಾಮ್ 30 ಸೆಕೆಂಡ್ ಸುಮ್ನ ಕಾದು, ಆಮ್ಯಾಲ ಡೇಟಾಬೇಸ್ ಬಾಗ್ಲಾ ಬಡಿಯೋದು. ಚಾಲೂ ಆಗೋದು ಬ್ಯಾರೆ, ತಯಾರಾಗೋದು ಬ್ಯಾರೆ. ಇವತ್ತು ಹೇಳೋದು ಇದೊಂದೇ.

ತೊಗರಿ ಸುಗ್ಗಿ ದಿನ. ಇಲ್ಲೇ ಒಂದು ದಾಲ್ ಮಿಲ್, ಹೆಸರು ಬ್ಯಾಡ. ರಾತ್ರಿ ಕರೆಂಟ್ ಹೋತು, ಯುಪಿಎಸ್ ಬ್ಯಾಟರಿ ಯಾವಾಗೋ ಸತ್ತಿತ್ತು. ಮುಂಜಾನಿ ಕರೆಂಟ್ ಬಂತು, ಸರ್ವರ್ ತಾನೇ ಎದ್ದಿತು. ಆದ್ರ ಪೋಸ್ಟ್‌ಗ್ರೆಸ್ ಡೇಟಾಬೇಸ್ ನೆಟ್ಟಗ ಮಲಗಿ ಎದ್ದದ್ದಲ್ಲ, ಬಿದ್ದು ಎದ್ದದ್ದು. ವಾಲ್ ಫೈಲ್, ಅಂದ್ರ ಪ್ರತಿ ಬದಲಾವಣಿ ಮೊದ್ಲ ಬರ್ದಿಡೋ ವಹಿ, ಓದ್ಕೋತ, ಅರ್ಧಕ್ಕ ನಿಂತ ಲೆಕ್ಕಾ ಸರಿ ಮಾಡ್ಲಾಕತ್ತಿತ್ತು. ಆ ಹೊತ್ತಿನಾಗ ಬಾಗ್ಲಾ ಬಡಿದ್ರ "ಇನ್ನಾ ಸ್ಟಾರ್ಟ್ ಆಗ್ಲಾಕತ್ತೀನಿ" ಅಂತ ಎರರ್ ಕೊಟ್ಟು ಹೊರಗ ಹಾಕ್ತದ. ಬಿಲ್ಲಿಂಗ್ ಪ್ರೋಗ್ರಾಮ್ 30 ಸೆಕೆಂಡ್ ಮಲಗ್ತು, ಎದ್ದು ಒಮ್ಮೆ ಬಡೀತು, ಬೈಸ್ಕೊಂಡು ಸತ್ತೋತು. ಕಾಟಾದ ಮ್ಯಾಲ ಲಾರಿ ನಿಂತದ, ಚೀಟಿ ಬರ್ಲಿಲ್ಲ. ಹಿಂದ ಮತ್ತ ಲಾರಿ. ಡ್ರೈವರ್‌ಗಳ ಬಾಯಿ ನಿಮಗ ಗೊತ್ತದಲ್ಲ?

ಆ ಸ್ಲೀಪ್ 30 ಬರದಾವ ಯಾರು? ನಾನೇ ರೀ. ಅದಕ್ಕೇ ಇಷ್ಟು ಉರೀಲಾಕತ್ತದ.

ನಮ್ಮ ಅವ್ವ ಒಲಿ ಹಚ್ಚಿ, 30 ಎಣಿಸಿ ಹಂಚಿನ ಮ್ಯಾಲ ರೊಟ್ಟಿ ಒಗೀತಾಳೇನು? ಎರಡು ಹನಿ ನೀರು ಚಿಮುಕಿಸ್ತಾಳ. ಚುರ್ ಅಂದ್ರ ರೊಟ್ಟಿ ಹಾಕ್ತಾಳ, ಇಲ್ಲಂದ್ರ ಕಾಯ್ತಾಳ. ಆ ನೀರಿನ ಹನಿನೇ ಪೋಸ್ಟ್‌ಗ್ರೆಸ್‌ನ 'ಪಿಜಿ ಈಸ್ ರೆಡಿ' ಕಮಾಂಡ್. ಕನೆಕ್ಷನ್ ತಗೋಳ್ತದಂದ್ರ 0 ಕೊಡ್ತದ, ಎದ್ರೂ ಒಳಗ ಬಿಡಲ್ಲಂದ್ರ 1, ಉತ್ರಾನೇ ಇಲ್ಲಂದ್ರ 2. ಪ್ರೋಗ್ರಾಮ್‌ಗಳನ್ನ ಕಂಟೇನರ್ ಅನ್ನೋ ಬ್ಯಾರೆ ಬ್ಯಾರೆ ಡಬ್ಬಿನ್ಯಾಗ ಇಟ್ಟು ಕೂಡಿ ನಡಸೋ ಡಾಕರ್ ಕಂಪೋಸ್‌ನ್ಯಾಗ ಇದನ್ನೇ ಹೆಲ್ತ್‌ಚೆಕ್ ಮಾಡಿ, 'ಡಿಪೆಂಡ್ಸ್ ಆನ್' (ಯಾರ ಹಿಂದ ಯಾರು ಏಳ್ಬೇಕು) ಕೆಳಗ 'ಸರ್ವಿಸ್ ಹೆಲ್ದಿ' ಅನ್ನೋ ಕಂಡೀಷನ್ ಹಾಕ್ರಿ. ಬರೇ 'ಡಿಪೆಂಡ್ಸ್ ಆನ್' ಬರದ್ರ ಕಂಟೇನರ್ ಚಾಲೂ ಆತೋ ಇಲ್ಲೋ ಅಷ್ಟೇ ನೋಡ್ತದ. ಒಲಿ ಹತ್ತಿತು. ಹಂಚು ತಣ್ಣಗ.

"ಸಿಸ್ಟಮ್‌ಡಿ 'ಆಫ್ಟರ್' ಅದಲ್ಲ ಅಣ್ಣಾ?" ಅದ ರೀ, ಲಿನಕ್ಸ್‌ನ್ಯಾಗ ಸರ್ವಿಸ್‌ಗಳನ್ನ ಎಬ್ಬಿಸೋದೇ ಸಿಸ್ಟಮ್‌ಡಿ. ಆದ್ರ 'ಆಫ್ಟರ್' ಅಂದ್ರ ಬರೇ ಸರದಿ, ಯಾರ ಹಿಂದ ಯಾರು ಅಂತ. ಡೇಟಾಬೇಸ್‌ನ ಯೂನಿಟ್ (ಸಿಸ್ಟಮ್‌ಡಿ ಸೆಟ್ಟಿಂಗ್ ಫೈಲ್) 'ಟೈಪ್ ನೋಟಿಫೈ' ಇದ್ರ "ನಾ ತಯಾರದೀನಿ" ಅನ್ನೋ ತನಕ ಕಾಯ್ತದ. 'ಸಿಂಪಲ್' ಇದ್ರ ಪ್ರೋಸೆಸ್ ಹುಟ್ಟಿದ ಕೂಡ್ಲೇ ಮುಂದಿನವ್ರನ್ನ ಬಿಡ್ತದ. ಇನ್ನ ಡೇಟಾಬೇಸ್ ಬ್ಯಾರೆ ಮಷೀನ್‌ನ್ಯಾಗ ಇದ್ರ ನಿಮ್ಮ 'ಆಫ್ಟರ್'ಗೆ ಅದ್ರ ಸುದ್ದಿನೇ ಗೊತ್ತಿರಲ್ಲ.

"ರೀಸ್ಟಾರ್ಟ್ ಹಾಕೀನಿ, ತಾನೇ ಏಳ್ತದ." ಶಾಣ್ಯಾ! ಏನೂ ಬದಲಾಯಿಸ್ದಿದ್ರ ಎರಡು ಪ್ರಯತ್ನದ ನಡು 100 ಮಿಲಿಸೆಕೆಂಡ್. 10 ಸೆಕೆಂಡಿನಾಗ 5 ಸಲ ಎದ್ದ ಮ್ಯಾಲ ಸಿಸ್ಟಮ್‌ಡಿ ಕೈ ಎತ್ತಿಬಿಡ್ತದ. ನೀವು ಚಾ ಕಪ್ಪು ಕೆಳಗಿಡೋದ್ರಾಗ ಐದೂ ಮುಗ್ದಿರ್ತಾವ. 'ರೀಸ್ಟಾರ್ಟ್ ಸೆಕ್', ಅಂದ್ರ ಆ ನಡುವಿನ ಸೆಕೆಂಡ್, 5 ಮಾಡಿ ನೋಡ್ರಿ. ಅದಕ್ಕಿಂತ ಛಲೋ, ಪ್ರೋಗ್ರಾಮ್ ಒಳಗೇ ಮತ್ತ ಮತ್ತ ಪ್ರಯತ್ನ ಮಾಡೋದು ಬರೀರಿ, ಪ್ರತಿ ಸಲ ಸ್ವಲ್ಪ ಹೆಚ್ಚು ಕಾಯ್ಕೋತ. ನಡು ಮಧ್ಯಾಹ್ನ ಡೇಟಾಬೇಸ್ ಬಿದ್ರ ಸರ್ವರ್ ಏಳೋವಾಗ ಒಮ್ಮೆ ಓಡೋ ಬೂಟ್ ಸ್ಕ್ರಿಪ್ಟ್ ಬಂದು ಎಬ್ಬಿಸ್ತದೇನು?

ಹಾಂ, ಐತವಾರ ಸಂಜಿಗೆ ಲೈವ್ ಬರ್ತೀನಿ, ಈ ಫೈಲ್ ಎಲ್ಲಾ ನಿಮ್ಮ ಮುಂದೇ ಬರೀತೀನಿ. ಸಬ್‌ಸ್ಕ್ರೈಬ್ ಒತ್ತದೇ ನೋಡೋರು ಭಾಳ ಮಂದಿ ಅದೀರಿ, ಉಂಡು ಕೈ ತೊಳ್ಕೊಂಡು ಹೋದಂಗ.

"ನಮ್ಮಲ್ಲಿ ಮೂರ್ ವರ್ಷದಿಂದ ಸ್ಲೀಪ್ ನಡೀಲಾಕತ್ತದ." ನಡೀಲಿ ರೀ! ಹೆಲ್ಮೆಟ್ ಇಲ್ದೇ ಗಾಡಿನೂ ನಡೀತದ. ಚಾಲೂ ಬ್ಯಾರೆ, ತಯಾರ್ ಬ್ಯಾರೆ! ಎಷ್ಟ್ ಸಲ ಹೇಳ್ಬೇಕ್ರಿ? ಇದಕ್ಕ ಇನ್ನೊಂದು ಕಾರಣ ಬರ್ಕೊಂಡಿದ್ದೆ, ಚೀಟಿ ಎಲ್ಲಿ ಹೋತೋ. ಹೋಗ್ಲಿ, ಕಾರಣ ಯಾಕ ಬೇಕು, ನಾ ಹೇಳ್ಲಾಕತ್ತೀನಲ್ಲ! ಕೆಳಗ 'ಸ್ಲೀಪ್ 60' ಅಂತ ಬರದವ್ರನ್ನ ಬ್ಲಾಕ್ ಮಾಡ್ತೀನಿ. 'ಸ್ಲೀಪ್ 90' ಬರಿಯಾವ ಯಾರಂತ ನಂಗ ಮೊದಲೇ ಗೊತ್ತದ. ತಮ್ಮಾ, ಮನೀಗಿ ಬಾ ನೀ.